ಯಜಮಾನ ಸತ್ತರೆ ಕುದುರೆ ಅಳುತ್ತದೆಯೇ? ಆ ಕಣ್ಣೀರಿನ ಹಿಂದಿರುವುದೇನು?

ಈ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಶವಪೆಟ್ಟಿಗೆಯ ಪಕ್ಕದಲ್ಲಿ ಒಂದು ಕುದುರೆ ನಿಂತಿದೆ. ತಲೆ ತಗ್ಗಿಸಿ ಪೆಟ್ಟಿಗೆಯನ್ನು ಮೂಸುತ್ತದೆ, ಮೂತಿಯನ್ನು ಅದರ ಮೇಲೆ ಇಡುತ್ತದೆ, ಸಣ್ಣಗೆ ದನಿ ತೆಗೆಯುತ್ತದೆ. ಸುತ್ತ ನಿಂತವರು ಅಳುತ್ತಿದ್ದಾರೆ. ಜೊತೆಗಿರುವ ಬರಹ ಸಾಮಾನ್ಯವಾಗಿ ಹೀಗಿರುತ್ತದೆ: ಯಜಮಾನನಿಗಾಗಿ ಕಣ್ಣೀರಿಟ್ಟ ಕುದುರೆ, ಮನುಷ್ಯರಿಗಿಂತ ಪ್ರಾಣಿಗಳೇ ಮೇಲು, ಕನಿಷ್ಠ ಹತ್ತು ಜನರಿಗೆ ಕಳಿಸಿ. ಊರಿನ ಹೆಸರಿಲ್ಲ, ದಿನಾಂಕವಿಲ್ಲ.

ಮೊದಲು ನಿಜ ಎಷ್ಟು ಎಂದು ಹೇಳಿಬಿಡುತ್ತೇವೆ. ವಿಡಿಯೊ ನಕಲಿಯಲ್ಲ. ಅದು 2017ರ ಜನವರಿಯದು, ಬ್ರೆಜಿಲ್ ದೇಶದ ಈಶಾನ್ಯ ಭಾಗದ ಪರೈಬಾ ರಾಜ್ಯದ್ದು. ಅಪಘಾತದಲ್ಲಿ ತೀರಿಕೊಂಡ ಯುವಕನ ಕುದುರೆಯನ್ನು ಅವನ ಸೋದರನೇ ಅಂತ್ಯಸಂಸ್ಕಾರಕ್ಕೆ ಕರೆತಂದಿದ್ದ. ಕುದುರೆ ಪೆಟ್ಟಿಗೆಗೆ ಮೂತಿ ಇಟ್ಟಿದ್ದು ನಿಜ. 'ಕಣ್ಣೀರಿಟ್ಟಿತು' ಎಂಬುದು ಮಾತ್ರ ಫಾರ್ವರ್ಡ್ ಮಾಡಿದವರು ಸೇರಿಸಿದ್ದು.

ಇಷ್ಟಕ್ಕೇ ಈ ಲೇಖನ ಮುಗಿಸಬಹುದಿತ್ತು. ಆದರೆ ದಾವಣಗೆರೆ, ಹರಿಹರದ ಓದುಗರಿಗೆ ಕುದುರೆ ಬರೀ ವಿಡಿಯೊದಲ್ಲಿ ಕಾಣುವ ಪ್ರಾಣಿಯಲ್ಲ. ಮದುವೆ ಹಂಗಾಮು ಬಂದರೆ ಪಿ.ಬಿ. ರಸ್ತೆಯ ಅಕ್ಕಪಕ್ಕ ಮದುಮಗನನ್ನು ಹೊತ್ತ ಕುದುರೆ, ಸಾರೋಟು ಎಳೆಯುವ ಜೋಡಿ ಕುದುರೆ ಕಣ್ಣಿಗೆ ಬೀಳುತ್ತವೆ. ಕೊಯ್ಲಾದ ಗದ್ದೆಯಲ್ಲಿ ಮಂದೆ ನಿಲ್ಲಿಸಲು ಬರುವ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರ ಜೊತೆ ಸಾಮಾನು ಹೊತ್ತ ತಟ್ಟು ಕುದುರೆಗಳು ಇರುತ್ತವೆ. ಹೊಳೆಯಾಚೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮೈಲಾರಲಿಂಗನ ವಾಹನವೂ ಕುದುರೆಯೇ. ಇಷ್ಟೆಲ್ಲ ಯಾಕೆ, ದಾವಣಗೆರೆ ಎಂಬ ಹೆಸರಿನಲ್ಲೇ ಕುದುರೆ ಇದೆ ಎನ್ನುವವರಿದ್ದಾರೆ. ಚಾಲುಕ್ಯರ ಕಾಲದಲ್ಲಿ ಆನಗೋಡಿನ ಕಡೆಯ ಸೈನ್ಯದ ಕುದುರೆಗಳು ದಣಿದು ಬಂದು ಇಲ್ಲಿಯ ಕೆರೆಯಲ್ಲಿ ನೀರು ಕುಡಿಯುತ್ತಿದ್ದವಂತೆ, ಅವುಗಳನ್ನು ಸಾಲಾಗಿ ದಾವಣಿ ಹಗ್ಗಕ್ಕೆ ಕಟ್ಟುತ್ತಿದ್ದರಂತೆ, ಆ ದಾವಣಿಯ ಕೆರೆಯೇ ದಾವಣಗೆರೆ ಆಯಿತಂತೆ. ಜನರ ಬಾಯಲ್ಲಿ ಉಳಿದು ಬಂದ ಕಥೆ ಇದು, ಹಾಗೆಂದೇ ತೆಗೆದುಕೊಳ್ಳಿ.

ನಾವು ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ಈ ಕಣ್ಣೀರಿನ ಕಥೆಯಿಂದ ಕುದುರೆಗೆ ಕಣ್ಣೇ ಹೋಗಬಹುದು. ಉತ್ಪ್ರೇಕ್ಷೆ ಅನ್ನಿಸಿದರೆ ಮುಂದೆ ಓದಿ.

ಕುದುರೆಯ ಕಣ್ಣಲ್ಲಿ ನೀರು ಯಾಕೆ?

ದುಃಖವಾದಾಗ ಕಣ್ಣೀರು ಸುರಿಸುವ ಪ್ರಾಣಿ ಎಂದು ವಿಜ್ಞಾನಕ್ಕೆ ಖಚಿತವಾಗಿ ಗೊತ್ತಿರುವುದು ಮನುಷ್ಯ ಮಾತ್ರ. ಕುದುರೆಯ ಕಣ್ಣಲ್ಲೂ ನೀರು ಉತ್ಪತ್ತಿಯಾಗುತ್ತದೆ, ಆದರೆ ಕಣ್ಣನ್ನು ಒದ್ದೆಯಾಗಿಡಲು, ಧೂಳು ತೊಳೆಯಲು. ಆ ನೀರು ಕೆನ್ನೆ ಮೇಲೆ ಹರಿಯಬೇಕಾಗಿಯೇ ಇಲ್ಲ. ಕಣ್ಣಿನ ಮೂಲೆಯಿಂದ ಒಂದು ಸಣ್ಣ ನಾಳ ಹೊರಟು ಮೂಗಿನ ಹೊಳ್ಳೆಯ ಒಳಗೆ ತೆರೆದುಕೊಳ್ಳುತ್ತದೆ. ಸಾಧುವಾದ ಕುದುರೆಯ ಹೊಳ್ಳೆಯನ್ನು ಮೆಲ್ಲಗೆ ಅಗಲಿಸಿ ನೋಡಿದರೆ ಕೆಳಭಾಗದಲ್ಲಿ ಆ ಸಣ್ಣ ರಂಧ್ರ ಬರಿಗಣ್ಣಿಗೇ ಕಾಣುತ್ತದೆ. ನೀರು ಅಲ್ಲಿಗೆ ಇಳಿಯದೆ ಕೆನ್ನೆಯ ಮೇಲೆ ಹರಿದು ಕಪ್ಪು ಗೆರೆ ಬಿಟ್ಟಿದೆ ಎಂದರೆ ಎರಡರಲ್ಲಿ ಒಂದು ಆಗಿರುತ್ತದೆ: ನಾಳ ಕಟ್ಟಿಕೊಂಡಿದೆ, ಇಲ್ಲವೇ ಕಣ್ಣಿಗೆ ಏನೋ ಆಗಿ ನೀರು ಹೆಚ್ಚು ಬರುತ್ತಿದೆ.

ಆ 'ಏನೋ' ಬೇಸಿಗೆಯ ಧೂಳಾಗಿರಬಹುದು, ಚರಂಡಿ ಪಕ್ಕದ ನೊಣ ಇರಬಹುದು, ಹೊಟ್ಟಿನ ಚೂರು ಇರಬಹುದು, ಕಣ್ಣಿನ ಪಾರದರ್ಶಕ ಪದರಕ್ಕೆ ಆದ ಗೀರು ಇರಬಹುದು. ಇವೆಲ್ಲಕ್ಕಿಂತ ಕೆಟ್ಟದ್ದು ಕಣ್ಣಿನ ಒಳಗಿನ ಉರಿಯೂತ, ವೈದ್ಯರು ಯುವಿಯೈಟಿಸ್ ಎನ್ನುವ ಕಾಯಿಲೆ. ಜಗತ್ತಿನಾದ್ಯಂತ ಕುದುರೆಗಳು ಕುರುಡಾಗಲು ದೊಡ್ಡ ಕಾರಣ ಇದೇ. ಒಮ್ಮೆ ಬಂದು, ಕಡಿಮೆಯಾದಂತೆ ಕಂಡು, ಮತ್ತೆ ಮತ್ತೆ ಬರುತ್ತದೆ. ಹಿಂದೆ ಯೂರೋಪಿನಲ್ಲಿ ಚಂದ್ರನ ಜೊತೆ ಬಂದು ಹೋಗುವ ಕಾಯಿಲೆ ಎಂದು ನಂಬಿ 'ಚಂದ್ರಗುರುಡು' ಎಂಬ ಅರ್ಥ ಬರುವ ಹೆಸರಿಟ್ಟಿದ್ದರು. ಚಂದ್ರನಿಗೂ ಇದಕ್ಕೂ ಸಂಬಂಧವಿಲ್ಲ. ಇಲಿಜ್ವರ ಎಂದು ನಾವು ಕರೆಯುವ ಲೆಪ್ಟೊಸ್ಪೈರಾ ಸೋಂಕಿಗೂ ಇದಕ್ಕೂ ನಂಟಿದೆ ಎಂಬುದು ಗೊತ್ತಾಗಿದೆ.

ಕುದುರೆ ಒಂದು ಕಣ್ಣನ್ನು ಅರ್ಧ ಮುಚ್ಚಿಕೊಂಡಿದೆ, ಬಿಸಿಲಿಗೆ ಮುಖ ತಿರುಗಿಸುತ್ತಿದೆ, ಕಣ್ಣು ಕೆಂಪಾಗಿದೆ ಅಥವಾ ಮೇಲೆ ನೀಲಿಬಿಳಿ ಪೊರೆ ಬಂದ ಹಾಗಿದೆ, ನೀರು ಸುರಿಯುತ್ತಿದೆ ಎಂದರೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ನಾಳೆ ನೋಡೋಣ ಎಂದರೆ ನೋಟ ಹೋಗಬಹುದು. ದನಗಳ ಕಣ್ಣಿಗೆ ಹಳ್ಳಿ ಕಡೆ ಉಪ್ಪುನೀರು ಉಗ್ಗುವುದು, ಹೊಗೆಸೊಪ್ಪಿನ ರಸ ಬಿಡುವುದು ಉಂಟು. ಕುದುರೆಗೆ ಅದನ್ನು ಮಾಡಬೇಡಿ. ಮನೆಯಲ್ಲಿ ಉಳಿದ ಮನುಷ್ಯರ ಕಣ್ಣಿನ ಹನಿಯೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಕಣ್ಣಿನಲ್ಲಿ ಹುಣ್ಣೂ ಇದ್ದರೆ ಹುಣ್ಣು ಆಳಕ್ಕಿಳಿಯುತ್ತದೆ. ಕರ್ನಾಟಕದಲ್ಲಿ ಪಶುವೈದ್ಯ ಸಹಾಯವಾಣಿಯ ಸಂಖ್ಯೆ 1962, ಶುಲ್ಕವಿಲ್ಲ.

ಈಗ ಯೋಚಿಸಿ. 'ನನ್ನ ಕುದುರೆ ನನ್ನ ಕಷ್ಟ ನೋಡಿ ಅಳ್ತಾ ಇದೆ' ಎಂದು ಪ್ರೀತಿಯಿಂದ ಅದರ ಕೆನ್ನೆ ಒರೆಸಿ ಸುಮ್ಮನಾದವರು ಏನು ಕಳೆದುಕೊಳ್ಳುತ್ತಾರೆ? ಪ್ರೀತಿಯಲ್ಲಿ ಕೊರತೆಯಿಲ್ಲ, ತಿಳಿವಳಿಕೆ ತಪ್ಪಾಗಿದೆ ಅಷ್ಟೆ.

ಹಾಗಾದರೆ ಕುದುರೆಗೆ ಯಜಮಾನನ ಗುರುತೇ ಇಲ್ಲವೇ?

ಇದೆ. ಅಷ್ಟೇ ಅಲ್ಲ, ನಾವಂದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ಇದೆ. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಈ ಬಗ್ಗೆ ಒಳ್ಳೊಳ್ಳೆಯ ಪ್ರಯೋಗಗಳು ನಡೆದಿವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ, ಕುದುರೆಗಳು ಪರಿಚಿತರ ಮುಖವನ್ನೂ ದನಿಯನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತವೆ ಎಂದು ತೋರಿಸಿತು. ಅಂದರೆ ನಿಮ್ಮ ದನಿ ಕೇಳಿದರೆ ಅದು ನಿಮ್ಮ ಕಡೆಗೇ ತಿರುಗಿ ನೋಡುತ್ತದೆ, ಪಕ್ಕದಲ್ಲಿ ನಿಂತವರ ಕಡೆಗಲ್ಲ.

2016ರಲ್ಲಿ ಅದೇ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಮನುಷ್ಯರ ಮುಖದ ದೊಡ್ಡ ಫೋಟೊಗಳನ್ನು ತೋರಿಸಿದರು, ಕೆಲವು ನಗುವ ಮುಖ, ಕೆಲವು ಸಿಟ್ಟಿನ ಮುಖ. ಸಿಟ್ಟಿನ ಮುಖ ಕಂಡಾಗ ಎದೆಬಡಿತ ಬೇಗ ಏರಿತು, ಕುದುರೆ ಎಡಗಣ್ಣಿನಿಂದ ನೋಡುವುದು ಹೆಚ್ಚಾಯಿತು. ಎಡಗಣ್ಣು ಕಂಡದ್ದನ್ನು ಹೆಚ್ಚಾಗಿ ಮಿದುಳಿನ ಬಲಭಾಗ ಅರ್ಥಮಾಡಿಕೊಳ್ಳುತ್ತದೆ, ಅಪಾಯ ಅಳೆಯುವ ಕೆಲಸ ಅಲ್ಲಿಯದು. ಎರಡು ವರ್ಷ ಬಿಟ್ಟು 2018ರಲ್ಲಿ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋದರು. ಬೆಳಿಗ್ಗೆ ಒಬ್ಬರ ಸಿಟ್ಟಿನ ಫೋಟೊವನ್ನೋ ನಗುವ ಫೋಟೊವನ್ನೋ ತೋರಿಸಿ, ಕೆಲವು ಗಂಟೆಗಳ ನಂತರ ಅದೇ ವ್ಯಕ್ತಿಯನ್ನು ಸಾದಾ ಮುಖಭಾವದಲ್ಲಿ ಎದುರು ನಿಲ್ಲಿಸಿದರು. ಯಾವ ಫೋಟೊ ತೋರಿಸಲಾಗಿತ್ತು ಎಂದು ಆ ವ್ಯಕ್ತಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಸಿಟ್ಟಿನ ಮುಖ ಕಂಡಿದ್ದ ಕುದುರೆಗಳು ಅವರನ್ನು ಎಡಗಣ್ಣಿನಿಂದಲೇ ಹೆಚ್ಚು ನೋಡಿದವು. ಗಂಟು ಮುಖವನ್ನು ಕುದುರೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ.

ನಮಗೆ ಬಹಳ ಇಷ್ಟವಾದದ್ದು ಸ್ವೀಡನ್ನಿನ ಕೊಡೆ ಪ್ರಯೋಗ, 2009ರದ್ದು. ಜನರಿಗೆ ಕುದುರೆ ಹಿಡಿದು ಒಂದು ದಾರಿಯಲ್ಲಿ ನಾಲ್ಕು ಸಲ ನಡೆಯಲು ಹೇಳಿದರು. ನಾಲ್ಕನೇ ಸಲ ಹೋಗುವಾಗ ಪಕ್ಕದಲ್ಲಿ ಫಟ್ಟನೆ ಕೊಡೆ ಬಿಚ್ಚುತ್ತೇವೆ ಎಂದು ಹಿಡಿದವರಿಗೆ ಮಾತ್ರ ತಿಳಿಸಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಆ ಸಲ ಮನುಷ್ಯನ ಎದೆಬಡಿತ ಏರಿತು, ಜೊತೆಗೆ ಕುದುರೆಯದೂ ಏರಿತು. ಹಿಡಿದವರ ಭಯ ಹಗ್ಗದ ಇನ್ನೊಂದು ತುದಿಗೆ ತಲುಪಿತ್ತು. ಮದುವೆ ಮೆರವಣಿಗೆಯಲ್ಲಿ ಡಿಜೆ ಸದ್ದು, ಪಟಾಕಿ ನಡುವೆ ಮದುಮಗ ಹೆದರಿ ಲಗಾಮು ಬಿಗಿಹಿಡಿದು ಕೂತರೆ ಕೆಳಗಿರುವ ಕುದುರೆಗೆ ಏನಾಗುತ್ತದೆ ಎಂದು ಇದರಿಂದಲೇ ಊಹಿಸಬಹುದು.

ಮನುಷ್ಯನ ಮೈ ಓದುವ ಈ ಶಕ್ತಿ ಒಮ್ಮೆ ದೊಡ್ಡ ವಿದ್ವಾಂಸರನ್ನೇ ಬೇಸ್ತು ಬೀಳಿಸಿತ್ತು. 1904ರ ಹೊತ್ತಿಗೆ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ, ಗೊರಸು ಬಡಿದು ಉತ್ತರ ಹೇಳುತ್ತದೆ ಎಂದು ಹೆಸರಾಗಿತ್ತು. ಪರೀಕ್ಷೆಗೆ ಬಂದ ಸಮಿತಿಗೆ ಮೋಸವೇನೂ ಸಿಗಲಿಲ್ಲ. ಕೊನೆಗೆ 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಸಂಶೋಧಕ ಗುಟ್ಟು ಬಿಡಿಸಿದ. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರು ತಮಗೇ ಅರಿವಿಲ್ಲದೆ ತಲೆಯನ್ನು ಕೂದಲೆಳೆಯಷ್ಟು ಅಲುಗಿಸುತ್ತಿದ್ದರು. ಹಾನ್ಸ್ ಅದನ್ನು ನೋಡಿ ಬಡಿಯುವುದನ್ನು ನಿಲ್ಲಿಸುತ್ತಿತ್ತು. ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ ನಿಜ, ಆದರೆ ಅದು ಓದಿದ್ದನ್ನು ನಮ್ಮಲ್ಲಿ ಎಷ್ಟು ಜನ ಓದಬಲ್ಲರು?

ನೆನಪು ಸರಿ, ಪ್ರೀತಿ?

ಇಲ್ಲಿ ಸ್ವಲ್ಪ ಕಹಿ ಸುದ್ದಿ ಇದೆ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಕುದುರೆಗಳಿಗೆ ಹೊಸದಾದ, ಸ್ವಲ್ಪ ಭಯ ಹುಟ್ಟಿಸುವ ದಾರಿಗಳನ್ನು ದಾಟಿಸಿದರು, ಒಮ್ಮೆ ಯಜಮಾನರ ಕೈಯಲ್ಲಿ, ಒಮ್ಮೆ ಅಪರಿಚಿತರ ಕೈಯಲ್ಲಿ. ಯಜಮಾನರು ಹಿಡಿದಾಗ ಕುದುರೆಯ ಭಯ ಕಡಿಮೆ ಇರಬಹುದು ಎಂದು ನೀವೂ ಅಂದುಕೊಳ್ಳುತ್ತೀರಿ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಪರಿಚಿತರು ನುರಿತವರಾಗಿದ್ದರೆ ಕುದುರೆ ಅವರ ಜೊತೆಯೂ ಅಷ್ಟೇ ಸಮಾಧಾನವಾಗಿ ನಡೆಯಿತು. ನಾಯಿ ಯಜಮಾನನಿಗೆ ಅಂಟಿಕೊಳ್ಳುವ ರೀತಿಯೇ ಬೇರೆ. ನಾಯಿ ಬೇಟೆಯಾಡುವ ಪ್ರಾಣಿ, ಕುದುರೆ ಬೇಟೆಯಾಗುವ ಪ್ರಾಣಿ. ಮನುಷ್ಯ ಅದಕ್ಕೆ ಮೊದಲು ಕೊಡಬೇಕಾದದ್ದು ಮುದ್ದಲ್ಲ, ಅಭಯ.

ಒಳ್ಳೆಯ ಸುದ್ದಿಯೂ ಇದೆ. ಫ್ರಾನ್ಸಿನ ತಂಡವೊಂದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೇಳಿದಂತೆ ಕೇಳಿದಾಗ ತಿನಿಸು ಕೊಟ್ಟು ಕಲಿಸಿದ ಕುದುರೆಗಳು ತಿಂಗಳುಗಟ್ಟಲೆ ಕಳೆದ ಮೇಲೂ ಕಲಿತದ್ದನ್ನು ಮರೆತಿರಲಿಲ್ಲ, ಮನುಷ್ಯರ ಹತ್ತಿರ ತಾವಾಗಿಯೇ ಬರುತ್ತಿದ್ದವು. ಆ ಒಳ್ಳೆಯ ನೆನಪು ಕಲಿಸಿದವರಿಗಷ್ಟೇ ಮೀಸಲಾಗಿರಲಿಲ್ಲ, ಹೊಸಬರ ಮೇಲೂ ಆ ಕುದುರೆಗಳಿಗೆ ನಂಬಿಕೆ ಇತ್ತು. ಹೊಡೆತ ತಿಂದ ಕುದುರೆಯ ವಿಷಯದಲ್ಲಿ ಇದು ತಿರುವುಮುರುವು ಆಗುವುದನ್ನು ಕುದುರೆ ಕೊಂಡವರೆಲ್ಲ ಬಲ್ಲರು. ಹಿಂದಿನ ಯಜಮಾನನ ಚಾಟಿಗೆ ಹೊಸ ಯಜಮಾನ ಲೆಕ್ಕ ಕೊಡಬೇಕಾಗುತ್ತದೆ.

ಕುದುರೆಗೆ ಇಷ್ಟಾನಿಷ್ಟ ಹೇಳಲೂ ಬರುತ್ತದೆ. ನಾರ್ವೆಯಲ್ಲಿ 2016ರಲ್ಲಿ 23 ಕುದುರೆಗಳಿಗೆ ಮೂರು ಹಲಗೆಗಳ ಗುರುತು ಕಲಿಸಿದರು: ಕಂಬಳಿ ಹೊದಿಸಿ, ಕಂಬಳಿ ತೆಗೆಯಿರಿ, ಈಗಿರುವಂತೆ ಇರಲಿ. ಎರಡು ವಾರದೊಳಗೆ ಅಷ್ಟೂ ಕುದುರೆಗಳು ಕಲಿತವು. ಚಳಿ ಮಳೆ ಇದ್ದ ದಿನ ಮೂತಿಯಿಂದ 'ಹೊದಿಸಿ' ಹಲಗೆ ಮುಟ್ಟಿದವು, ಬಿಸಿಲಿದ್ದ ದಿನ 'ತೆಗೆಯಿರಿ' ಎಂದವು.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಹೇಳುವುದಾದರೆ, ಬ್ರೆಜಿಲ್‌ನ ಕುದುರೆ ಪೆಟ್ಟಿಗೆಯ ಬಳಿ ಪರಿಚಿತ ವಾಸನೆ ಹುಡುಕುತ್ತಿತ್ತು ಎಂಬುದು ಹೆಚ್ಚು ಸಂಭವ. ಸುತ್ತ ನೆರೆದವರ ಗಾಬರಿ, ಅಳು ಅದಕ್ಕೂ ತಟ್ಟಿರುತ್ತದೆ. ಸಾವು ಎಂದರೇನು ಎಂದು ಅದಕ್ಕೆ ಅರ್ಥವಾಗಿತ್ತು ಎಂದು ಆ ವಿಡಿಯೊ ನೋಡಿ ಹೇಳಲಾಗದು. ಜೊತೆಗಿದ್ದ ಕುದುರೆ ಸತ್ತಾಗ ಮೇವು ಬಿಡುವ, ಕೆನೆದು ಕರೆಯುವ ಕುದುರೆಗಳು ಇವೆ. ಅದು ಕಣ್ಣೀರಿಗಿಂತ ಸಾಚಾ ಲಕ್ಷಣ.

ಯಾಕೆಂದರೆ ಕುದುರೆಯ ಮೊದಲ ನಂಟು ಇನ್ನೊಂದು ಕುದುರೆಯ ಜೊತೆ. ಹಿಂಡಿನ ಪ್ರಾಣಿ ಅದು. ಕುದುರೆ ಮಲಗುವುದೇ ಇಲ್ಲ, ನಿಂತೇ ನಿದ್ದೆ ಮಾಡುತ್ತದೆ ಎಂಬ ಫಾರ್ವರ್ಡ್ ಅರ್ಧ ನಿಜ. ಕಾಲಿನ ಸ್ನಾಯು, ಕೀಲುಗಳನ್ನು ಬೀಗ ಹಾಕಿದಂತೆ ಬಿಗಿದು ಅದು ನಿಂತಲ್ಲೇ ತೂಕಡಿಸಬಲ್ಲದು. ಆದರೆ ಕನಸಿನ ಹಂತದ ಗಾಢ ನಿದ್ದೆಗೆ ನೆಲಕ್ಕೆ ಮಲಗಲೇಬೇಕು, ಮತ್ತು ಕಾವಲಿಗೆ ಇನ್ನೊಬ್ಬರಿದ್ದಾರೆ ಎಂಬ ಧೈರ್ಯ ಬಂದರೆ ಮಾತ್ರ ಮಲಗುತ್ತದೆ. ಮನೆ ಹಿತ್ತಲಲ್ಲಿ ಒಂಟಿಯಾಗಿ ಕಟ್ಟಿ ಹಾಕಿದ ಕುದುರೆಗೆ ಆ ಧೈರ್ಯ ಎಲ್ಲಿಂದ ಬರಬೇಕು? ಇನ್ನೊಂದು ಕುದುರೆ ಸಾಕಲಾಗದವರು ಒಂದು ಆಡನ್ನಾದರೂ ಜೊತೆಗೆ ಕಟ್ಟಬಹುದು. ರೇಸ್ ಕುದುರೆಗಳ ಲಾಯಗಳಲ್ಲೂ ಹಾಗೆ ಮಾಡುತ್ತಾರೆ. ನಿಮ್ಮ ಕುದುರೆ ನೀವು ಹತ್ತಿರವಿದ್ದಾಗಲೂ ಮೈಚಾಚಿ ಮಲಗುತ್ತದೆಯೇ? ಹಾಗಿದ್ದರೆ ಅದು ನಿಮ್ಮನ್ನು ಕಾವಲಿಗೆ ಒಪ್ಪಿಕೊಂಡಿದೆ ಎಂದರ್ಥ. ಯಾವ ವಿಡಿಯೊ ಸಾಕ್ಷಿಯೂ ಬೇಡ.

ಪ್ರಾಣಿಯ ನಂಟನ್ನು ನೆನಪಿಡುವುದು ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ನಡುವಿನಲ್ಲೇ ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿದ್ದರು. ಕಾಳಿ ಎಂಬ ಆ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಿತ್ತು, ಅದರ ಯಜಮಾನ ಮಣಲೇರ. ಕಣ್ಣೀರಿನ ಮಾತು ಅಲ್ಲಿಲ್ಲ, ಅದು ಮಾಡಿದ ಕೆಲಸದ ಮಾತಿದೆ. ಗೋವೈದ್ಯ ಬರೆದ ಕೀರ್ತಿವರ್ಮ, ಅಶ್ವವೈದ್ಯ ಬರೆದ ಅಭಿನವಚಂದ್ರ ಕನ್ನಡದಲ್ಲೇ ಪಶುಚಿಕಿತ್ಸೆಯ ಗ್ರಂಥ ಕೊಟ್ಟವರು. ಪ್ರಾಣಿಗೆ ಕಾಯಿಲೆಯಾದರೆ ಮದ್ದು ಹುಡುಕಬೇಕು ಎಂಬುದು ನಮ್ಮವರಿಗೆ ಗೊತ್ತಿತ್ತು.

ಪ್ರೀತಿಯಿಂದಲೇ ಆಗುವ ಅಪಾಯ

ಮದುವೆ ಮನೆಗೆ ಬಂದ ಕುದುರೆಗೆ ಎಲ್ಲರೂ ತಿನ್ನಿಸುವವರೇ. ಬೂಂದಿ ಲಾಡು, ಅನ್ನ, ಪೂರಿ, ದಾವಣಗೆರೆ ಅಂದಮೇಲೆ ಮಂಡಕ್ಕಿ ಕೂಡ. ಕುದುರೆಯ ಮೈ ದೊಡ್ಡದು, ಜಠರ ಚಿಕ್ಕದು, ಸುಮಾರು 8ರಿಂದ 15 ಲೀಟರ್ ಹಿಡಿಯುವಷ್ಟೇ. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯಲೆಂದು ಆದ ಹೊಟ್ಟೆ ಅದು. ಎಲ್ಲಕ್ಕಿಂತ ಮುಖ್ಯ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹುಳಿತು ಉಬ್ಬರಿಸಿದರೆ ಮೇಲಿನಿಂದ ಹೊರಬರುವ ದಾರಿಯೇ ಇಲ್ಲ. ಹೊಟ್ಟೆಶೂಲೆ ಶುರುವಾಗುತ್ತದೆ. ಕುದುರೆ ತಿರುತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಬಿದ್ದು ಹೊರಳುವುದು, ಬೆವರುವುದು, ಲದ್ದಿ ಹಾಕದಿರುವುದು ಇದರ ಲಕ್ಷಣ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಕಾಳು, ಸಿಹಿ ಹೆಚ್ಚಾಗಿ ಬದುಕುಳಿದರೂ ಗೊರಸಿನ ಒಳಗೆ ಉರಿಯೂತವಾಗಿ ಶಾಶ್ವತವಾಗಿ ಕುಂಟಬಹುದು. ಹುರುಳಿ ನಮ್ಮ ಕಡೆ ಹಳೆಯ ಕುದುರೆ ಮೇವೇ, ಆದರೆ ಅದಕ್ಕೂ ಅಳತೆ ಇದೆ.

ಇನ್ನು ಬಿಸಿಲು. ಭಾರ ಎಳೆಯುವ, ಹೊರುವ ಪ್ರಾಣಿಗಳ ಬಗ್ಗೆ 1965ರಿಂದಲೂ ದೇಶದಲ್ಲಿ ನಿಯಮವಿದೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡುವಂತಿಲ್ಲ. ದಾವಣಗೆರೆಯ ಏಪ್ರಿಲ್ ನೆನಪಿಸಿಕೊಳ್ಳಿ, ಮದುವೆ ಮುಹೂರ್ತಗಳನ್ನೂ ನೆನಪಿಸಿಕೊಳ್ಳಿ.

ಎಲ್ಲಕ್ಕಿಂತ ಕಷ್ಟದ ಮಾತು ಗ್ಲ್ಯಾಂಡರ್ಸ್ ಕಾಯಿಲೆಯದು. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ ಈ ಬ್ಯಾಕ್ಟೀರಿಯಾ ಸೋಂಕು ಮನುಷ್ಯರಿಗೂ ಹರಡುತ್ತದೆ, ಪ್ರಾಣ ತೆಗೆಯಬಲ್ಲದು. ಲಸಿಕೆ ಇಲ್ಲ. ಮೂಗಿನಿಂದ ಅಂಟಂಟಾದ ದಪ್ಪ ಸಿಂಬಳ, ಚರ್ಮದ ಮೇಲೆ ಗಂಟುಗಳು ಒಡೆದು ಹುಣ್ಣಾಗುವುದು ಇದರ ಗುರುತು. 2009ರ ಪಶು ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಂತೆ ಅನುಮಾನ ಬಂದರೆ ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ರಕ್ತದ ಮಾದರಿ ಪರೀಕ್ಷೆಯಾಗುತ್ತದೆ. ಖಚಿತವಾದರೆ ಚಿಕಿತ್ಸೆಯಿಲ್ಲ, ಕುದುರೆಗೆ ದಯಾಮರಣ ಕೊಡುತ್ತಾರೆ, ಯಜಮಾನನಿಗೆ ಪರಿಹಾರ ಸಿಗುತ್ತದೆ. ವರ್ಷಗಟ್ಟಲೆ ಸಾಕಿದವರಿಗೆ ಇದು ಎಂಥ ಸಂಕಟ ಎಂದು ನಾವು ಬಿಡಿಸಿ ಹೇಳಬೇಕಿಲ್ಲ. ಪ್ರೀತಿಯಿಂದಲೇ ರಾತ್ರೋರಾತ್ರಿ ಕುದುರೆಯನ್ನು ಬೇರೆ ಊರಿಗೆ ಸಾಗಿಸಿ ಬಚ್ಚಿಡಬೇಕು ಅನ್ನಿಸುತ್ತದೆ. ಹಾಗೆ ಮಾಡಿದರೆ ಆ ಊರಿನ ಕುದುರೆಗಳಿಗೂ, ಮೈ ಉಜ್ಜಿ ಮೇವು ಹಾಕುವ ಮನೆಯ ಮಕ್ಕಳಿಗೂ ಸೋಂಕು ತಗಲುವ ಭಯವಿದೆ. ಹೊಸ ಕುದುರೆ ಕೊಳ್ಳುವವರು ರಕ್ತಪರೀಕ್ಷೆಯ ಕಾಗದ ಕೇಳುವುದರಲ್ಲಿ ಸಂಕೋಚ ಬೇಡ.

ಕಪ್ಪು ಕುದುರೆಯ ಲಾಳ ಬಾಗಿಲಿಗೆ ಹೊಡೆದರೆ ಶನಿಕಾಟ ಹೋಗುತ್ತದೆಯೇ ಎಂದು ಕೇಳುವವರು ಬಹಳ. ಲಾಳ ಕಬ್ಬಿಣ, ಅಷ್ಟೇ. ಬೇಡಿಕೆ ಇದೆಯೆಂದು ಸವೆಯದ ಲಾಳವನ್ನು ಅವಧಿಗೆ ಮೊದಲೇ ಕಿತ್ತರೆ ಗೊರಸಿನ ಅಂಚು ಒಡೆಯುತ್ತದೆ.

ಕುದುರೆಗೆ ಪ್ರೀತಿ ತೋರಿಸುವುದು ಹೇಗೆ ಎಂದು ಕೇಳಿದರೆ ನಮ್ಮಲ್ಲಿ ಒಂದು ಪಕ್ಕಾ ಉತ್ತರವಿದೆ. 1993ರಲ್ಲಿ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದ ಅಧ್ಯಯನ ಹೇಳಿದ್ದಿದು: ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಬಳಿ ತುರಿಸಿದರೆ ಕುದುರೆಯ ಎದೆಬಡಿತ ಇಳಿಯುತ್ತದೆ. ಕುದುರೆಗಳು ಒಂದರ ಮೈ ಒಂದು ಕಚ್ಚಿ ತುರಿಸಿಕೊಳ್ಳುವುದೂ ಅಲ್ಲಿಯೇ. ಹಣೆ ತಟ್ಟುವುದು, ಕೆನ್ನೆ ಚಿವುಟುವುದು ನಮಗೆ ಮುದ್ದು, ಅದಕ್ಕಲ್ಲ. ನೇರ ಮುಂದಿನಿಂದ, ಹಿಂದಿನಿಂದ ಹೋಗಬೇಡಿ. ಮೂಗಿನ ಮುಂದೆಯೇ ಮತ್ತು ಬಾಲದ ಹಿಂದೆಯೇ ಅದಕ್ಕೆ ಕಾಣದ ಜಾಗವಿದೆ. ಭುಜದ ಪಕ್ಕದಿಂದ, ಮಾತಾಡಿಸುತ್ತಾ ಹೋಗಿ, ಜೂಲಿನ ಬುಡದಲ್ಲಿ ಬೆರಳಿನಿಂದ ಗಟ್ಟಿಯಾಗಿ ತುರಿಸಿ. ಹಿತವಾದರೆ ಕುತ್ತಿಗೆ ಇಳಿಬಿಡುತ್ತದೆ, ಮೇಲ್ತುಟಿ ಉದ್ದವಾಗಿ ಚಾಚಿ ಅಲುಗಾಡಿಸುತ್ತದೆ. ಇನ್ನೂ ಹಿತವಾದರೆ ತಿರುಗಿ ನಿಮ್ಮ ಹೆಗಲನ್ನೂ ಹಲ್ಲಿನಿಂದ ತುರಿಸಲು ಬರುತ್ತದೆ, ಅಂಗಿ ಹರಿದೀತು, ನೋಡಿಕೊಳ್ಳಿ.